ಹಿಮ ಕಾಣದ ಊರಿನಲ್ಲಿ ಹಿಮಗಾಳಿಯ ಪಾಠ

ಕರ್ನಾಟಕದ ಹವಾಮಾನದ ದಾಖಲೆಗಳನ್ನು ತೆರೆದು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವ ಎರಡು ಅಂಕಿಗಳು ಒಂದೇ ಸೀಮೆಯವು: 1928ನೆಯ ಇಸವಿಯ ಮೇ 23ರಂದು ರಾಯಚೂರಿನಲ್ಲಿ 45.6 ಡಿಗ್ರಿ ಸೆಲ್ಸಿಯಸ್ ತಾಪವೂ, ಅದಕ್ಕೆ ಒಂದು ದಶಕದಷ್ಟು ಮೊದಲು, 1918ರ ಡಿಸೆಂಬರ್ 16ರಂದು, ಬೀದರದಲ್ಲಿ 2.8 ಡಿಗ್ರಿ ಶೈತ್ಯವೂ ನಮೂದಾಗಿವೆ. ಎರಡೂ ಊರುಗಳು ಅಂದು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಇಂದು ಕಲ್ಯಾಣ ಕರ್ನಾಟಕವೆನಿಸಿವೆ. ಇವುಗಳಲ್ಲಿ ಮೊದಲನೆಯ ಅಂಕಿಯನ್ನು ರಾಯಚೂರು ಜಿಲ್ಲೆಯ ಜನ ಒಂದು ಬಗೆಯ ಅಭಿಮಾನದಿಂದಲೇ ಹೇಳಿಕೊಳ್ಳುವರು. ಎರಡನೆಯದನ್ನು ನೆನೆಯುವವರು ವಿರಳ. ಬಿಸಿಲೇ ನಮ್ಮ ಶತ್ರು, ಚಳಿ ಎಂಬುದು ಎರಡು ತಿಂಗಳು ಬಂದು ಹೋಗುವ ನೆಂಟ ಎಂಬ ಭಾವನೆ ಈ ಬಯಲು ಸೀಮೆಯಲ್ಲಿ ಅಷ್ಟು ದೃಢವಾಗಿ ಬೇರೂರಿದೆ.

ಇಂತಹ ಸೀಮೆಯ ನಡುವೆ, ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಮೇಲೆ, ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಭತ್ತದ ಗದ್ದೆಗಳಿಗೂ ಕೇಂದ್ರ ಸರ್ಕಾರದ ವಿಶಾಲವಾದ ಬೀಜ ಫಾರಮ್ಮಿಗೂ ಹೆಸರಾದ ಜವಳಗೇರಾದಂಥ ಊರಿನ ಪ್ರೌಢಶಾಲೆಯಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ನಿಂತು ಹಿಮಬಿರುಗಾಳಿಯನ್ನು ಕುರಿತು ಪಾಠ ಹೇಳಹೊರಟ ಅಧ್ಯಾಪಕನು ಮೇಲುನೋಟಕ್ಕೆ ಹಾಸ್ಯಾಸ್ಪದನಾಗಿ ಕಂಡಾನು. ಆದರೆ ಈ ತಾಲ್ಲೂಕುಗಳ ಹುಡುಗರು ಸೈನ್ಯಕ್ಕೆ ಸೇರಿ ಲಡಾಖಿಗೆ ಹೋಗುವುದುಂಟು. ಎಂಜಿನಿಯರಿಂಗ್ ಓದಿ ಕೆನಡಕ್ಕೂ ಅಮೆರಿಕಕ್ಕೂ ಹಾರುವುದುಂಟು. ಬೆಂಗಳೂರಿನಲ್ಲಿ ಕೆಲಸ ಹಿಡಿದು, ರಜೆಯಲ್ಲಿ ಗೆಳೆಯರೊಡನೆ ಹಿಮಾಲಯದ ಚಾರಣಕ್ಕೆ ಹೊರಡುವುದಂತೂ ಈಗ ಸಾಮಾನ್ಯ. ಅಲ್ಲಿಗೆ ಹೋದ ಮೇಲೆ ಕಲಿಯುವೆವೆಂದರೆ, ಈ ವಿಷಯದಲ್ಲಿ ಎರಡನೆಯ ಅವಕಾಶ ದೊರೆಯುವುದು ಅಪೂರ್ವ. ಅದಕ್ಕಿಂತಲೂ ಮುಖ್ಯವಾದ ಮಾತೆಂದರೆ, ಹಿಮಗಾಳಿಯಲ್ಲಿ ಮನುಷ್ಯನನ್ನು ಕೊಲ್ಲುವ ಭೌತಕಾರಣಗಳಲ್ಲಿ ಜವಳಗೇರಾದ ಹೊಲದಲ್ಲಿ ನಿಂತು ತೋರಿಸಲಾಗದ್ದು ಒಂದೂ ಇಲ್ಲ. ಚಳಿ ಎಂಬ ಪ್ರತ್ಯೇಕ ವಸ್ತುವೊಂದು ಹೊರಗಿನಿಂದ ಬಂದು ನಮ್ಮೊಳಗೆ ಹೊಗುವುದಿಲ್ಲ. ನಮ್ಮಲ್ಲಿರುವ ಉಷ್ಣ ಹೊರಕ್ಕೆ ಹರಿದು ಹೋಗುತ್ತದೆ, ಅಷ್ಟೆ. ಅದನ್ನು ಸೆಳೆದೊಯ್ಯುವವರು ಯಾರು ಯಾರು, ಎಷ್ಟು ವೇಗವಾಗಿ ಸೆಳೆಯುವರು ಎಂಬುದೇ ಇಡೀ ಪಾಠದ ತಿರುಳು. ಉಷ್ಣಮಾಪಕದ ಅಂಕಿ ಅದರಲ್ಲಿ ಒಂದು ಭಾಗ ಮಾತ್ರ.

ಮೊದಲನೆಯ ಸೆಳೆತ ಆಕಾಶದ್ದು. ಎಳ್ಳಮಾವಾಸ್ಯೆಯ ಆಸುಪಾಸಿನ ನಿರಭ್ರವಾದ ಒಂದು ರಾತ್ರಿ, ಗಾಳಿ ಬಿದ್ದು ಹೋಗಿ, ಹಿಂಗಾರಿ ಜೋಳದ ಎಲೆಯೂ ಅಲುಗದಿರುವಾಗ, ಹಗಲೆಲ್ಲ ಬಿಸಿಲು ಕುಡಿದ ನೆಲವು ತನ್ನ ಉಷ್ಣವನ್ನು ಕಣ್ಣಿಗೆ ಕಾಣದ ಅವರಕ್ತ ಕಿರಣಗಳ ರೂಪದಲ್ಲಿ ಮೇಲಕ್ಕೆ ಚೆಲ್ಲತೊಡಗುತ್ತದೆ. ಆಕಾಶದಲ್ಲಿ ಮೋಡವಿದ್ದರೆ ಅದು ಆ ಕಿರಣಗಳನ್ನು ಹೀರಿ, ಒಂದು ಪಾಲನ್ನು ಕೆಳಕ್ಕೆ ಮರಳಿಸುವುದು. ಗಾಳಿಯಲ್ಲಿ ತೇವ ಹೆಚ್ಚಾಗಿದ್ದರೆ ಅದೂ ಅಷ್ಟಿಷ್ಟು ಮರಳಿಸುವುದು. ಎರಡೂ ಇಲ್ಲದ ಪುಷ್ಯಮಾಸದ ರಾತ್ರಿ ನೆಲದ ಆದಾಯ ನಿಂತು ವೆಚ್ಚ ಮಾತ್ರ ಉಳಿಯುತ್ತದೆ. ಒಣಗಿದ ಎರೆಮಣ್ಣಿನ ಮೇಲ್ಪದರವು ಆಳದ ಶಾಖವನ್ನು ಬೇಗ ಮೇಲಕ್ಕೆ ಎತ್ತಿಕೊಡದು. ಹೀಗಾಗಿ ಬೆಳಗಿನ ಜಾವಕ್ಕೆ ನೆಲ ಗಾಳಿಗಿಂತಲೂ ತಣ್ಣಗಾಗಿ, ತನ್ನನ್ನು ಮುಟ್ಟಿಕೊಂಡಿರುವ ಗಾಳಿಯನ್ನೂ ತಣಿಸಿಬಿಡುತ್ತದೆ. "ಮೋಡ ಇದ್ದ ರಾತ್ರಿ ಥಂಡಿ ಕಮ್ಮಿ ಯಾಕ್ರೀ ಸರ್?" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದನೆಂದರೆ ಪಾಠ ಅರ್ಧ ಮುಗಿದಂತೆಯೇ.

ಇದನ್ನು ನಂಬಿಸಲು ಎರಡು ಉಷ್ಣಮಾಪಕಗಳು ಸಾಕು. ಹವಾಮಾನ ಇಲಾಖೆಯವರು ಗಾಳಿಯ ಉಷ್ಣತೆಯನ್ನು ಅಳೆಯುವುದು ನೆಲದ ಮೇಲಲ್ಲ. ಸುಮಾರು ನಾಲ್ಕು ಅಡಿ ಎತ್ತರದಲ್ಲಿ ನಿಲ್ಲಿಸಿದ, ಬಿಳಿಯ ಬಣ್ಣ ಬಳಿದ ಜಾಲರಿ ಪೆಟ್ಟಿಗೆಯೊಳಗೆ. ಹುಡುಗರು ಒಂದು ಉಷ್ಣಮಾಪಕವನ್ನು ಆ ಎತ್ತರಕ್ಕೆ ಕಟ್ಟಿ, ಇನ್ನೊಂದನ್ನು ಹುಲ್ಲಿನ ಮೇಲೆ ಮಲಗಿಸಿ, ಸೂರ್ಯೋದಯಕ್ಕೆ ಮುನ್ನ ಹೋಗಿ ಓದಿಕೊಂಡರೆ, ಹುಲ್ಲಿನ ಮೇಲಿನದು ಮೂರು ನಾಲ್ಕು ಡಿಗ್ರಿ ಕೆಳಗಿರುವುದನ್ನು ಕಾಣುವರು. ಉಪಕರಣವಿಲ್ಲದವರಿಗೆ ಊರಿನ ಹೊಗೆಯೇ ಸಾಕ್ಷಿ: ನೀರೊಲೆಗಳಿಂದ ಎದ್ದ ಹೊಗೆ ಆ ಹೊತ್ತಿನಲ್ಲಿ ನೆಟ್ಟಗೆ ಮೇಲಕ್ಕೇರದೆ, ಮನೆಯ ಮಾಳಿಗೆಗಳ ಎತ್ತರಕ್ಕೆ ಬಂದು, ಅಲ್ಲಿಂದ ಅಡ್ಡಲಾಗಿ ಹಾಸಿಕೊಂಡು ನಿಲ್ಲುವುದನ್ನು ಯಾರೂ ನೋಡಬಹುದು. ಕೆಳಗೆ ತಣ್ಣನೆಯ ಭಾರವಾದ ಗಾಳಿ, ಮೇಲೆ ಬೆಚ್ಚನೆಯ ಹಗುರ ಗಾಳಿ. ಈ ತಲೆಕೆಳಗಾದ ವ್ಯವಸ್ಥೆಯಲ್ಲಿ ಏರುವ ಹೊಗೆಗೆ ದಾರಿಯಿಲ್ಲ.

ಕಡಲೆ ಹೊಲದ ಕಡೆಗೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕನಿಗೆ ಇನ್ನೂ ಸೊಗಸಾದ ದೃಷ್ಟಾಂತ ದೊರಕುವುದು. ಕಡಲೆ ಗಿಡದ ಎಲೆ ಕಾಂಡಗಳ ಮೇಲಿನ ಸೂಕ್ಷ್ಮ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ರಾತ್ರಿ ಬಿದ್ದ ಇಬ್ಬನಿಯಲ್ಲಿ ಅವು ಕರಗುತ್ತವೆ. ಹಳೆಯ ಕಾಲದ ಒಕ್ಕಲಿಗರು ತೊಳೆದ ಬಿಳಿಯ ಪಂಚೆಯನ್ನು ಸಂಜೆ ಬೆಳೆಯ ಮೇಲೆ ಹಾಸಿ, ನಸುಕಿನಲ್ಲಿ ಅದು ತೊಯ್ದು ತೊಪ್ಪೆಯಾದ ಮೇಲೆ ಹಿಂಡಿ, ಆ ಹುಳಿಯನ್ನು ಸೀಸೆಯಲ್ಲಿ ತುಂಬಿಟ್ಟು ಹೊಟ್ಟೆನೋವಿಗೆ ಔಷಧವಾಗಿ ಬಳಸುತ್ತಿದ್ದರು. ಮಳೆಯ ಹನಿಯೂ ಬೀಳದ ರಾತ್ರಿಯಲ್ಲಿ ಬಟ್ಟೆ ಹಿಂಡುವಷ್ಟು ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟವನು ಶೈತ್ಯದ ಭೌತಶಾಸ್ತ್ರದ ಹೃದಯಕ್ಕೇ ತಲುಪುತ್ತಾನೆ: ಆಕಾಶಕ್ಕೆ ಮೈಯೊಡ್ಡಿದ ಬಟ್ಟೆ ಗಾಳಿಗಿಂತ ಹೆಚ್ಚು ತಣ್ಣಗಾಗಿ, ಗಾಳಿಯಲ್ಲಿದ್ದ ಆವಿ ಅದರ ಮೇಲೆ ಸಾಂದ್ರವಾಯಿತು. ಅದೇ ಸಾಂದ್ರೀಕರಣ ನೆಲದಿಂದ ಮೇಲಿನ ಗಾಳಿಯಲ್ಲೇ ನಡೆದರೆ ಮಂಜು. ನಾಲೆ, ಕೆರೆ, ನೀರು ನಿಂತ ಗದ್ದೆಗಳ ತೇವ ಹತ್ತಿರದಲ್ಲೇ ಇರುವ ಕಡೆ ಅದು ಇನ್ನೂ ಸುಲಭ. ಭತ್ತದ ಲಾರಿಗಳೂ ಸಾರಿಗೆ ಬಸ್ಸುಗಳೂ ಓಡಾಡುವ ಹೆದ್ದಾರಿಯಲ್ಲಿ ಇಂತಹ ಮುಂಜಾನೆ ದೊಡ್ಡ ದೀಪದ ಬೆಳಕನ್ನು ಮೇಲಕ್ಕೆ ಹಾಯಿಸಿ ಓಡಿಸುವವನು, ಮಂಜಿನ ಹನಿಗಳಿಂದ ಚದರಿ ತನ್ನ ಕಣ್ಣಿಗೇ ಹಿಂದಿರುಗುವ ಬೆಳಕಿನಿಂದ ಕುರುಡನಾಗುವನು. ದೀಪವನ್ನು ತಗ್ಗಿಸಿ ವೇಗವನ್ನೂ ತಗ್ಗಿಸುವುದೇ ಉಪಾಯ.

ರೈತನಿಗೆ ಈ ರಾತ್ರಿಗಳ ಲೆಕ್ಕ ಬೇರೆ. ಎರಡನೆಯ ಬೆಳೆಗಾಗಿ ಡಿಸೆಂಬರಿನಲ್ಲಿ ಹಾಕಿದ ಭತ್ತದ ಸಸಿಮಡಿಗಳು ಚಳಿಗೆ ಹಳದಿಗೊಂಡು ಕುಗ್ಗುವುದನ್ನು ನಾಲೆಯ ಸೀಮೆಯವರೆಲ್ಲ ಬಲ್ಲರು. ಸಂಜೆ ಮಡಿಗಳಿಗೆ ನೀರು ಕಟ್ಟಿ, ಬೆಳಿಗ್ಗೆ ತಣ್ಣೀರನ್ನು ಬಸಿದು ಬಿಡುವ ಪದ್ಧತಿ ಇದಕ್ಕೆ ಪರಿಹಾರ. ನೀರಿಗೆ ಉಷ್ಣವನ್ನು ಹಿಡಿದಿಡುವ ಸಾಮರ್ಥ್ಯ ಮಣ್ಣಿಗಿಂತ ಬಹಳ ಹೆಚ್ಚಾದ್ದರಿಂದ ಅದು ರಾತ್ರಿಯಿಡೀ ಸಸಿಯ ಬುಡವನ್ನು ಕಾಯುತ್ತದೆ. ಎಲೆಯ ಮೇಲೆ ಬಹಳ ಹೊತ್ತು ನಿಲ್ಲುವ ಇಬ್ಬನಿ ಬೆಂಕಿ ರೋಗದ ಶಿಲೀಂಧ್ರಕ್ಕೆ ಅನುಕೂಲ ಮಾಡಿಕೊಡುವುದೆಂಬುದು ಇನ್ನೊಂದು ತೊಂದರೆ.

ಇಷ್ಟು ಸ್ಥಳೀಯವಾಗಿ ತೋರುವ ಈ ಚಳಿಗೆ ದೂರದ ಬಂಧುತ್ವವೂ ಇದೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು, ಇರಾನ್ ಆಫ್ಘಾನಿಸ್ತಾನಗಳನ್ನು ದಾಟಿ, ಒಂದರ ಹಿಂದೊಂದರಂತೆ ಬರುವ ವಾಯುಭಾರ ಕುಸಿತಗಳನ್ನು ನಮ್ಮ ಹವಾಮಾನ ತಜ್ಞರು ಪಶ್ಚಿಮದ ಕ್ಷೋಭೆಗಳೆನ್ನುವರು. ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಿಗೆ ಹಿಮ ಸುರಿಸುವುದು ಇವೇ. ಒಂದು ಕ್ಷೋಭೆ ಪೂರ್ವಕ್ಕೆ ಸರಿದ ಮೇಲೆ ಅದರ ಬೆನ್ನಿಗೆ ವಾಯವ್ಯದಿಂದ ಶುಷ್ಕವಾದ ಶೀತಲ ಮಾರುತ ಬಯಲಿಗಿಳಿದು, ಮಧ್ಯಪ್ರದೇಶ, ಮಹಾರಾಷ್ಟ್ರಗಳನ್ನು ಹಾದು, ಕೆಲವೊಮ್ಮೆ ಬೀದರ, ಕಲಬುರಗಿ, ವಿಜಯಪುರಗಳವರೆಗೂ ಬರುತ್ತದೆ. ಅದರ ಸೆರಗು ರಾಯಚೂರಿಗೂ ತಾಗುವುದು. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿಗೋ ಅದಕ್ಕಿಂತ ಕೆಳಗೋ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದರೆ ಅದನ್ನು ಶೀತಗಾಳಿಯೆಂದು ಭಾರತೀಯ ಹವಾಮಾನ ಇಲಾಖೆ ಸಾರುತ್ತದೆ. ವಾಡಿಕೆಯೊಡನೆ ಹೋಲಿಸುವ ಈ ಕ್ರಮ ವಿವೇಕಯುತವಾದದ್ದು. ಏಕೆಂದರೆ ಶಿಮ್ಲಾದವನು ಹಗುರ ಅಂಗಿಯಲ್ಲಿ ಕಳೆಯುವ ರಾತ್ರಿಯಲ್ಲಿ, ಹೊಂದಿಕೊಳ್ಳದ ಮೈಯೂ ಬಾಗಿಲಿಲ್ಲದ ಗುಡಿಸಲೂ ಉಳ್ಳ ನಮ್ಮ ಕೂಲಿಕಾರ ಸಾಯಬಹುದು.

ಎರಡನೆಯ ಸೆಳೆತ ಗಾಳಿಯದು. ಬಸಿಗೆ ಸುರಿದ ಬಿಸಿ ಚಹಾದ ಮೇಲೆ ಊದುವವನು ಏನು ಮಾಡುವನೋ ಅದನ್ನೇ ಗಾಳಿ ನಮ್ಮ ಚರ್ಮದ ಮೇಲೆ ಮಾಡುತ್ತದೆ: ಮೈ ತನ್ನ ಶಾಖದಿಂದ ಬೆಚ್ಚಗೆ ಮಾಡಿಕೊಂಡು ಧರಿಸಿದ್ದ ಗಾಳಿಯ ತೆಳುವಾದ ಪದರವನ್ನು ಕಿತ್ತೊಯ್ದು, ಅದರ ಸ್ಥಳದಲ್ಲಿ ತಣ್ಣನೆಯದನ್ನು ತಂದಿಡುತ್ತದೆ. ಇದನ್ನು ಮೊದಲು ಅಳತೆಗೆ ತಂದವರು ಅಂಟಾರ್ಕ್ಟಿಕ ಖಂಡದಲ್ಲಿ ಚಳಿಗಾಲ ಕಳೆದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕನ್ನರು. ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯೊಂದನ್ನು ಗಾಳಿಗೊಡ್ಡಿ, ಅದು ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಲೆಕ್ಕಹಾಕಿದ ಅವರ ಫಲಿತಾಂಶ 1945ರಲ್ಲಿ ಪ್ರಕಟವಾಯಿತು. ಅದನ್ನು ತಿದ್ದಿದ ಹೊಸ ಸೂತ್ರ 2001ರಿಂದ ಅಮೆರಿಕ, ಕೆನಡಗಳಲ್ಲಿ ಬಳಕೆಯಲ್ಲಿದೆ. ಅದರಂತೆ, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಹವೆಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದ ಗಾಳಿ ಬೀಸಿದರೆ, ತೆರೆದ ಮುಖಕ್ಕೆ ಅದು ಸೊನ್ನೆಗಿಂತ 21 ಡಿಗ್ರಿ ಕೆಳಗಿನ ಚಳಿಗೆ ಸಮಾನ.

ಸೈಪಲ್ಲನ ಪ್ರಯೋಗವನ್ನು ಜವಳಗೇರಾದಲ್ಲಿ ಮಾಡಲು ಅಂಟಾರ್ಕ್ಟಿಕವೇನೂ ಬೇಡ. ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಿಗೆ ಒಂದೇ ಬಿಸಿಯ ನೀರನ್ನು ಸಮನಾಗಿ ತುಂಬಿ ಮುಚ್ಚಳವಿಟ್ಟು, ಒಂದನ್ನು ಕೋಣೆಯ ಮೂಲೆಯಲ್ಲೂ, ಒಂದನ್ನು ಬೀಸಣಿಗೆಯ ಕೆಳಗೂ, ಮೂರನೆಯದಕ್ಕೆ ಒದ್ದೆಯ ಅರಿವೆ ಸುತ್ತಿ ಅದೇ ಬೀಸಣಿಗೆಯ ಕೆಳಗೂ ಇಟ್ಟು, ಐದೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಬೇಕು. ಬೀಸಣಿಗೆಯ ಕೆಳಗಿನದು ಮೂಲೆಯದಕ್ಕಿಂತ ಬೇಗ ಆರುವುದು. ಒದ್ದೆಯದು ಎರಡನ್ನೂ ಹಿಂದೆ ಹಾಕುವುದು. ಆದರೆ ಚುರುಕಾದ ಹುಡುಗಿಯೊಬ್ಬಳು ಗಮನಿಸಬೇಕಾದ ಸಂಗತಿ ಕೊನೆಯಲ್ಲಿದೆ. ಒಣಗಿದ ಲೋಟ ಎಷ್ಟೇ ಗಾಳಿ ಬೀಸಿದರೂ ಕೋಣೆಯ ಉಷ್ಣತೆಗಿಂತ ಕೆಳಗಿಳಿಯದು. ಗಾಳಿ ವೇಗವನ್ನು ಹೆಚ್ಚಿಸೀತು, ಗುರಿಯನ್ನು ಬದಲಿಸದು. ಒದ್ದೆಯ ಅರಿವೆಯ ಲೋಟವಾದರೋ ಮಣ್ಣಿನ ಗಡಿಗೆಯ ನ್ಯಾಯದಂತೆ ಕೋಣೆಗಿಂತಲೂ ತಣ್ಣಗಾಗುವುದು, ಏಕೆಂದರೆ ಆವಿಯಾಗುವ ನೀರು ತನಗೆ ಬೇಕಾದ ಸುಪ್ತೋಷ್ಣವನ್ನು ಅದರಿಂದಲೇ ಕಿತ್ತುಕೊಳ್ಳುತ್ತದೆ. ಬೆಟ್ಟದ ಮೇಲೆ ಬೆವರಿನಿಂದಲೋ ಮಳೆಯಿಂದಲೋ ತೊಯ್ದ ಹತ್ತಿಯ ಅಂಗಿ ತೊಟ್ಟು ಗಾಳಿಗೆ ನಿಂತವನ ಗತಿ ಈ ಮೂರನೆಯ ಲೋಟದ್ದು.

ಇಲ್ಲಿ ನಮ್ಮ ಕುರಿಗಾರರ ಕಂಬಳಿಯನ್ನು ಸ್ಮರಿಸದಿರಲಾಗದು. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ಈ ಕರಿಯ ಹೊದಿಕೆ ಹೊಸದರಲ್ಲಿ ತಗಡಿನಂತೆ ನಿಲ್ಲುವುದು, ಚರ್ಮಕ್ಕೆ ಚುಚ್ಚುವುದು. ಆದರೆ ಅದರ ಸುರುಳಿ ಸುರುಳಿಯಾದ ಎಳೆಗಳ ಸಂದಿನಲ್ಲಿ ಸಿಕ್ಕಿದ ಗಾಳಿ ಅಲ್ಲಿಂದ ಕದಲದು, ತುಂತುರು ಬಿದ್ದರೆ ಹನಿಗಳು ಮೇಲಿನ ನವಿರುಗಳ ಮೇಲೆಯೇ ನಿಲ್ಲುವುವು, ಅರ್ಧ ನೆನೆದಾಗಲೂ ಅದು ಹತ್ತಿಯಂತೆ ಮೈಗೆ ಅಂಟಿ ಕುಸಿಯದು. ಬಯಲಲ್ಲಿ ಮಂದೆ ನಿಲ್ಲಿಸಿ ರಾತ್ರಿ ಕಳೆಯುವವನು ಅದನ್ನು ತಲೆಯಿಂದ ಕೊಪ್ಪೆಯಾಗಿ ಇಳಿಬಿಟ್ಟುಕೊಳ್ಳುವ ರೀತಿಯಲ್ಲಿ ಗಾಳಿ, ಒದ್ದೆ, ಆಕಾಶ ಮೂರಕ್ಕೂ ಒಟ್ಟಿಗೆ ಉತ್ತರವಿದೆ. ಶಾಲೆಯ ಪ್ರದರ್ಶನಕ್ಕೆ ದುಬಾರಿಯ ಪರ್ವತಾರೋಹಣದ ಉಡುಪನ್ನು ತರಿಸುವ ಮುನ್ನ ಒಂದು ಕಂಬಳಿಯನ್ನು ಮೇಜಿನ ಮೇಲೆ ಹರಡುವುದು ಲೇಸು.

ಈಗ ಹಿಮಬಿರುಗಾಳಿಯ ಲಕ್ಷಣವನ್ನು ಹೇಳಬಹುದು. ಅಮೆರಿಕದ ಹವಾಮಾನ ಸೇವೆಯ ಪ್ರಕಾರ ಗಂಟೆಗೆ ಸುಮಾರು 56 ಕಿಲೋಮೀಟರಿಗೆ ಕಡಿಮೆಯಿಲ್ಲದ ಗಾಳಿಯೂ, ಬೀಳುವ ಅಥವಾ ಹಾರುವ ಹಿಮದಿಂದ ನಾನೂರು ಮೀಟರಿಗೂ ಕಿರಿದಾದ ದೃಷ್ಟಿಯೂ ಮೂರು ಗಂಟೆಯಾದರೂ ಮುಂದುವರಿಯಬೇಕು. ಎಷ್ಟು ಹಿಮ ಸುರಿಯಬೇಕೆಂಬ ನಿಯಮ ಇದರಲ್ಲಿಲ್ಲವೆಂಬುದನ್ನು ಮಕ್ಕಳಿಗೆ ಎತ್ತಿ ತೋರಿಸಬೇಕು. ಮೇಲಿನಿಂದ ಒಂದು ಚೂರೂ ಬೀಳದೆ, ನೆಲದ ಮೇಲೆ ಹಿಂದೆಯೇ ಬಿದ್ದಿದ್ದ ಹಿಮವನ್ನು ಗಾಳಿ ಎತ್ತಿ ತೂರಿದರೂ ಅದು ಹಿಮಬಿರುಗಾಳಿಯೇ. ನೆಲವೂ ಆಕಾಶವೂ ಒಂದೇ ಬಿಳುಪಾಗಿ, ಮೇಲೆ ಕೆಳಗೆಂಬ ಭೇದವಳಿದು, ಹತ್ತು ಹೆಜ್ಜೆಯಾಚೆಯ ಮನೆಯ ಬಾಗಿಲು ಸಿಕ್ಕದೆ ಸತ್ತವರುಂಟು.

ಈ ಪಾಠವನ್ನು ಶಾಲೆಯ ಮಕ್ಕಳೇ ಜೀವ ತೆತ್ತು ಕಲಿಸಿದ ಒಂದು ದಿನವಿದೆ. 1888ರ ಜನವರಿ 12ರಂದು ಅಮೆರಿಕದ ಡಕೋಟಾ, ನೆಬ್ರಾಸ್ಕಗಳ ಹುಲ್ಲುಗಾವಲು ನಾಡಿನಲ್ಲಿ ಬೆಳಗು ಆ ಋತುವಿಗೆ ಅಸಹಜವೆನಿಸುವಷ್ಟು ಹಿತವಾಗಿತ್ತು. ಹಲವು ದಿನಗಳ ಕಡುಚಳಿಯಿಂದ ಬಿಡುಗಡೆ ಸಿಕ್ಕಿತೆಂದು ಮಕ್ಕಳು ದಪ್ಪನೆಯ ಕೋಟುಗಳನ್ನು ಮನೆಯಲ್ಲೇ ಬಿಟ್ಟು ಶಾಲೆಗೆ ಹೋದರು. ಆಮೇಲೆ ವಾಯವ್ಯದಿಂದ ಹಿಟ್ಟಿನಷ್ಟು ನುಣುಪಾದ ಹಿಮವನ್ನು ಹೊತ್ತ ಬಿರುಗಾಳಿ ಗೋಡೆಯೆದ್ದಂತೆ ಬಂದೆರಗಿತು. ಹಲವೆಡೆ ಅದು ಶಾಲೆ ಬಿಡುವ ಹೊತ್ತು. ಮನೆಗೆ ಹೊರಟ ಮಕ್ಕಳಲ್ಲಿ ಅನೇಕರು ದಾರಿ ತಪ್ಪಿ ಹೊಲಗಳಲ್ಲಿ ಬಿದ್ದರು. ಸತ್ತವರು ಒಟ್ಟು 235 ಮಂದಿಯೆಂದು ಅಂದಾಜು. ಆ ಚಂಡಮಾರುತಕ್ಕೆ ಮಕ್ಕಳ ಹೆಸರೇ ಉಳಿಯಿತು. ಬೆಳಗಿನ ಹಿತವನ್ನು ನಂಬಿ ಸಂಜೆಯ ಉಡುಪನ್ನು ನಿಶ್ಚಯಿಸುವ ತಪ್ಪು ಇಂದಿಗೂ ಪ್ರಚಲಿತವಾಗಿದೆ.

ನಮ್ಮವರ ದುರಂತಕ್ಕೆ ಅಷ್ಟು ಹಿಂದೆ ಹೋಗಬೇಕಾಗಿಲ್ಲ. 2024ರ ಜೂನ್ ತಿಂಗಳ ಮೊದಲ ವಾರದಲ್ಲಿ, ಉತ್ತರಾಖಂಡದಲ್ಲಿ ಸುಮಾರು 4,400 ಮೀಟರು ಎತ್ತರದಲ್ಲಿರುವ ಸಹಸ್ರತಾಲಕ್ಕೆ ಚಾರಣ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಆಗಿದ್ದ 22 ಮಂದಿಯ ತಂಡ ಹಿಂದಿರುಗುವಾಗ ಹಿಮಬಿರುಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು; ಉಳಿದ ಹದಿಮೂವರನ್ನು ವಾಯುಪಡೆಯ ಹೆಲಿಕಾಪ್ಟರುಗಳೂ ರಾಜ್ಯ ವಿಪತ್ತು ಪಡೆಯೂ ಸೇರಿ ಕೆಳಗಿಳಿಸಿದವು. ಬೇಸಗೆಯ ಜೂನಿನಲ್ಲಿ ಹಿಮವೆಲ್ಲಿಯದೆಂದು ಊರಿನಲ್ಲಿ ಕುಳಿತವರು ಕೇಳಿಯಾರು. ಒಂದು ಕಿಲೋಮೀಟರು ಮೇಲಕ್ಕೆ ಹೋದಂತೆಲ್ಲ ಹವೆಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುವುದು. ಸಮುದ್ರಮಟ್ಟದಿಂದ ಸುಮಾರು ನಾನೂರು ಮೀಟರು ಎತ್ತರದ ಜವಳಗೇರಾಕ್ಕೂ ಸಹಸ್ರತಾಲಕ್ಕೂ ನಾಲ್ಕು ಕಿಲೋಮೀಟರು ಏರಿಕೆಯ ಅಂತರ, ಎಂದರೆ 26 ಡಿಗ್ರಿ. ಇಲ್ಲಿಯ ಹಿತವಾದ 35 ಡಿಗ್ರಿಯ ಮಧ್ಯಾಹ್ನ ಅಲ್ಲಿ ಬಿಸಿಲಿದ್ದಾಗಲೇ ಒಂಬತ್ತು. ಮೋಡ ಮುಸುಕಿ ಮಳೆ ಸುರಿದು ಗಾಳಿಯೆದ್ದರೆ ಸೊನ್ನೆಗಿಳಿಯಲು ಇನ್ನೆಷ್ಟು ದೂರ? ಈ ಗುಣಾಕಾರವನ್ನು ಹಲಗೆಯ ಮೇಲೆ ಮಾಡಿಸುವುದು ನೂರು ಎಚ್ಚರಿಕೆಗಳಿಗಿಂತ ಮೇಲೆಂದು ನನ್ನ ಅಭಿಪ್ರಾಯ.

ಉಷ್ಣ ಸೋರಿದಾಗ ದೇಹ ಅನುಸರಿಸುವ ಕ್ರಮವನ್ನು ಮಕ್ಕಳು ತಿಳಿದಿರತಕ್ಕದ್ದು, ಏಕೆಂದರೆ ಅದನ್ನು ಗುರುತಿಸಬೇಕಾದವನು ಪೀಡಿತನಲ್ಲ, ಅವನ ಜೊತೆಗಾರ. ದೇಹದ ಒಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಅಪಾಯ ಆರಂಭವಾಯಿತು. ಮೊದಲು ನಡುಕ; ಅದು ಸ್ನಾಯುಗಳು ಶಾಖ ಹುಟ್ಟಿಸಲು ಮಾಡುವ ಹೋರಾಟ. ಬಳಿಕ ಬೆರಳುಗಳು ಗುಂಡಿ ಹಾಕಲೊಲ್ಲವು, ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಎಲ್ಲದರಲ್ಲೂ ಒಂದು ಬಗೆಯ ಔದಾಸೀನ್ಯ ಮೂಡುವುದು. ಸುಮಾರು 32 ಡಿಗ್ರಿಯ ಕೆಳಗೆ ನಡುಕ ನಿಲ್ಲುತ್ತದೆ. ಅದನ್ನು ಗುಣವಾಯಿತೆಂದು ಭ್ರಮಿಸಿದರೆ ಮುಗಿಯಿತು. ಕೊನೆಕೊನೆಗೆ ಕೆಲವರು ಸೆಕೆಯೆಂದು ಬಟ್ಟೆಗಳನ್ನೇ ಕಿತ್ತೆಸೆಯುವರು, ಚರ್ಮದ ರಕ್ತನಾಳಗಳು ಬಿಗಿ ಕಳೆದುಕೊಂಡು ಹಿಗ್ಗಿ ಬಿಸಿರಕ್ತ ಹೊರಪದರಕ್ಕೆ ನುಗ್ಗುವುದೇ ಇದಕ್ಕೆ ಕಾರಣವಿರಬೇಕೆಂದು ವೈದ್ಯರ ಊಹೆ. ಮದ್ಯವೂ ಅದೇ ನಾಳಗಳನ್ನು ಹಿಗ್ಗಿಸುವುದರಿಂದ, ಚಳಿಗೆ ಒಂದು ಗುಟುಕು ಎಂಬ ಮಾತು ಮಾರಕವಾದುದು. ಹೀಗೆ ಮೈ ತಣಿದವನನ್ನು ಗಾಳಿಯ ಮರೆಗೆ ಒಯ್ದು, ಒದ್ದೆ ಬಟ್ಟೆ ತೆಗೆದು, ಒಣಗಿದ್ದನ್ನು ಹೊದಿಸಿ, ಮೊದಲು ಎದೆಯನ್ನೂ ಕೊರಳನ್ನೂ ಬೆಚ್ಚಗೆ ಮಾಡಬೇಕಲ್ಲದೆ ಕೈಕಾಲುಗಳನ್ನು ತಿಕ್ಕಬಾರದು. ತಣಿದ ಹೃದಯ ಒರಟು ಅಲುಗಾಟಕ್ಕೂ ಲಯ ತಪ್ಪೀತು.

ಹಿಮವು ಕೊಲ್ಲುವಂತೆಯೇ ಕೆಲವೊಮ್ಮೆ ಕಾಯುವುದೂ ಉಂಟು, ಏಕೆಂದರೆ ಹೊಸದಾಗಿ ಬಿದ್ದ ಹಿಮದ ಗಾತ್ರದಲ್ಲಿ ಬಹುಭಾಗ ಸೆರೆಯಾದ ಗಾಳಿಯೇ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದಾಗ, ಐದು ದಿನಗಳ ಮೇಲೆ ಅಗೆದು ತೆಗೆದವರಲ್ಲಿ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗೆ ಇನ್ನೂ ಉಸಿರಿತ್ತು. ಹೊರಗಿನ ಗಾಳಿ ಅವರನ್ನು ಮುಟ್ಟದಂತೆ ತಡೆದದ್ದು ಅವರನ್ನು ಹೂತಿದ್ದ ಹಿಮವೇ. ಆದರೆ ಅಷ್ಟು ದಿನ ರಕ್ತ ಸರಿಯಾಗಿ ಹರಿಯದ ಅಂಗಾಂಗಗಳು ಚೇತರಿಸಿಕೊಳ್ಳಲಾರದೆ, ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಇನ್ನುಳಿದದ್ದು, ಚಳಿಯಿಂದ ತಪ್ಪಿಸಿಕೊಳ್ಳಹೋಗಿ ಒದಗುವ ಅಪಾಯ. 2022ರ ಕ್ರಿಸ್‌ಮಸ್ ವೇಳೆಗೆ ಅಮೆರಿಕದ ಬಫಲೋ ನಗರವನ್ನು ಹೂತುಹಾಕಿದ ಹಿಮಬಿರುಗಾಳಿಯಲ್ಲಿ ಆ ಪ್ರಾಂತದ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕೆಲವರು ಕಾರುಗಳಲ್ಲೇ ಸಿಕ್ಕಿಬಿದ್ದವರು. ಹಿಮದಲ್ಲಿ ಸಿಕ್ಕ ಕಾರಿನ ಎಂಜಿನ್ನನ್ನು ಬೆಚ್ಚಗಾಗಲೆಂದು ಓಡಿಸುವವನು ಮೊದಲು ಹೊಗೆ ಕೊಳವೆಯ ಬಾಯಿಗೆ ಮೆತ್ತಿದ ಹಿಮವನ್ನು ತೆಗೆಯಬೇಕು, ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಬೇಕು ಎಂಬುದು ಅಲ್ಲಿಯ ನಿಯಮ. ಇಲ್ಲವಾದರೆ ಕಾರ್ಬನ್ ಮಾನಾಕ್ಸೈಡು ಒಳಗೆ ತುಂಬುವುದು. ನಮ್ಮ ಸೀಮೆಯಲ್ಲಿ ಇದೇ ವಿಷ ಇದ್ದಿಲಿನ ರೂಪದಲ್ಲಿ ಮನೆ ಸೇರುತ್ತದೆ. ಚಳಿಗೆ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಸಂದಿಗಳಿಗೆ ಗೋಣಿ ತುರುಕಿ, ಬುಟ್ಟಿಯಲ್ಲೋ ಬಾಣಲೆಯಲ್ಲೋ ಕೆಂಡವಿಟ್ಟುಕೊಂಡು ಮಲಗುವ ಕೂಲಿಕಾರರು, ಕಾವಲುಗಾರರು, ಬಾಡಿಗೆ ಕೋಣೆಯ ಹುಡುಗರು ಬೆಳಿಗ್ಗೆ ಏಳದೆ ಹೋದ ಸುದ್ದಿಯನ್ನು ಪ್ರತಿ ಚಳಿಗಾಲದಲ್ಲೂ ಪತ್ರಿಕೆಗಳಲ್ಲಿ ಓದುವೆವು. ಉರಿ ಆರಿ ಹೊಗೆಯಿಲ್ಲದೆ ಹೊಳೆಯುವ ಕೆಂಡವೇ ನಿರಪಾಯವೆಂದು ಜನ ತಿಳಿಯುವರು. ಗಾಳಿ ಸಾಲದ ಕೋಣೆಯಲ್ಲಿ ಅದೇ ಹೆಚ್ಚು ವಿಷ ಬಿಡುವುದು, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುವ ಗುಣವಿದೆ. ತಲೆನೋವು, ಓಕರಿಕೆ, ಮಂಪರು ಇವೇ ಅದರ ಸೂಚನೆಗಳು. ನಿದ್ದೆಯಲ್ಲಿದ್ದವನಿಗೆ ಅವೂ ತಿಳಿಯವು. ಕೆಂಡವನ್ನು ಮಲಗುವ ಮುನ್ನ ಹೊರಗಿಡಬೇಕು, ಮತ್ತು ಅಂತಹ ಕೋಣೆಯಲ್ಲಿ ಯಾರಾದರೂ ಎಚ್ಚರ ತಪ್ಪಿ ಬಿದ್ದಿರುವುದನ್ನು ಕಂಡವನು ಅವರನ್ನು ಅಲುಗಿಸುತ್ತಾ ಒಳಗೇ ನಿಲ್ಲದೆ, ಮೊದಲು ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಬಯಲಿಗೆ ಎಳೆದು ತಂದು, ಆಮೇಲೆ 108ಕ್ಕೆ ಕರೆ ಮಾಡಬೇಕು.